ಇಂದಿನ ಧಮ್ಮ ಚಿಂತನೆ: ರೈಲು ನೋಡುವವರು, ಹಳಿ ಕಾಯುವವರು



ಇಂದಿನ ಬರಹ ದಿನದ ಬರಹಕ್ಕಿಂತ ಉದ್ದವಾಗಿದೆ. ಬೆಳಿಗ್ಗೆ ಪುರುಸೊತ್ತಿಲ್ಲದವರು ರಾತ್ರಿ ಊಟವಾದ ಮೇಲೆ ಓದಿ. ಮನೆಯಲ್ಲಿ ಕೆಲಸ ಹುಡುಕುತ್ತಿರುವ ಮಕ್ಕಳಿದ್ದರೆ ಅವರಿಗೂ ಓದಿಸಿ.

ನಮ್ಮ ಅಧ್ಯಯನ ಕೂಟದಲ್ಲಿ ಈಚೆಗೆ ಒಂದು ಪ್ರಶ್ನೆ ಬಂತು. ತೃಷ್ಣೆಯೇ ದುಃಖದ ಮೂಲ ಎಂದು ನಾವು ಪಾಠ ಮಾಡುತ್ತೇವೆ. ಹಾಗಾದರೆ ಬೆಟ್ಟ ನೋಡಬೇಕು, ಹೊಳೆ ನೋಡಬೇಕು, ಚೆಂದದ್ದೇನಾದರೂ ಕಣ್ತುಂಬಿಕೊಳ್ಳಬೇಕು ಅನ್ನುವ ಆಸೆಯೂ ತೃಷ್ಣೆಯೇ? ಅದನ್ನೂ ಬಿಡಬೇಕೇ? ಹಿರಿಯರೊಬ್ಬರು ‘ಹೌದು, ಕಣ್ಣು ಬಯಸಿದ್ದೆಲ್ಲ ಬಂಧನವೇ’ ಅಂದರು. ಇನ್ನೊಬ್ಬರು ‘ಯಾರಿಗೂ ತೊಂದರೆ ಇಲ್ಲವಲ್ಲ, ನೋಡಲಿ ಬಿಡಿ’ ಅಂದರು. ಎರಡು ಉತ್ತರವೂ ನನಗೆ ಸಾಲದಾಯಿತು.

ಮೊದಲನೆಯ ಉತ್ತರ ಧಮ್ಮಕ್ಕೆ ಒಪ್ಪುವಂಥದ್ದಲ್ಲ. ಮಹಾಪರಿನಿಬ್ಬಾಣ ಸುತ್ತ ಓದಿದವರಿಗೆ ನೆನಪಿರಬಹುದು. ಬದುಕಿನ ಕೊನೆಯ ತಿಂಗಳುಗಳಲ್ಲಿ ತಥಾಗತರು ಆನಂದನೊಡನೆ ಕುಳಿತು, ವೈಶಾಲಿ ಎಷ್ಟು ರಮ್ಯವಾದ ಊರು, ಅಲ್ಲಿನ ಒಂದೊಂದು ಚೈತ್ಯವೂ ಎಷ್ಟು ರಮ್ಯ ಎಂದು ಹೆಸರು ಹಿಡಿದು ಹೇಳುತ್ತಾರೆ. ಕಠಿಣ ವ್ರತಕ್ಕೆ ಹೆಸರಾದ ಮಹಾಕಾಶ್ಯಪ ಥೇರರು ಕೂಡ ಬೆಟ್ಟಗಳು ತಮಗೆ ಸಂತೋಷ ಕೊಡುತ್ತವೆ ಎಂದು ಥೇರಗಾಥೆಯಲ್ಲಿ ಹಾಡಿದ್ದಾರೆ. ಕಣ್ಣು ಮುಚ್ಚಿಕೊಂಡು ಬದುಕಿ ಎಂದು ಬುದ್ಧರು ಯಾರಿಗೂ ಹೇಳಲಿಲ್ಲ. ಅಷ್ಟಾಂಗ ಮಾರ್ಗದ ಮೊದಲ ಹೆಜ್ಜೆಯ ಹೆಸರೇ ಸಮ್ಯಕ್ ದೃಷ್ಟಿ. ಅಂದರೆ ನೋಟ ಸರಿಯಾಗಬೇಕು, ನೋಟ ನಿಲ್ಲಬೇಕಾಗಿಲ್ಲ. ಎರಡನೆಯ ಉತ್ತರ ಯಾಕೆ ಸಾಲದು ಅನ್ನುವುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ.

ಕೂಟದಲ್ಲಿ ಆ ಪ್ರಶ್ನೆ ಎತ್ತಿದವನು ನನ್ನ ಅಕ್ಕನ ಮಗ. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿದೆ. ಅವನಿಗೆ ರೈಲಿನ ಹುಚ್ಚು. ನಮ್ಮ ಮದಕರಿಪುರದಲ್ಲಿ ಹುಡುಗರಿಗೆ ಕ್ರಿಕೆಟ್ ಇದ್ದಂತೆ ಇವನಿಗೆ ರೈಲು. ಕೂಡಿಟ್ಟ ದುಡ್ಡಿನಲ್ಲಿ ಹಳೆಯ ಕ್ಯಾಮೆರಾ ಕೊಂಡಿದ್ದಾನೆ. ಬಿಡುವು ಸಿಕ್ಕರೆ ಚಿಕ್ಕಜಾಜೂರು ಜಂಕ್ಷನ್‌ಗೆ ಹೋಗಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಲ್ಲುತ್ತಾನೆ. ಇಂಜಿನ್ನಿನ ಸದ್ದು ಕೇಳಿಯೇ ಅದು ಯಾವ ಬಗೆಯದು ಎಂದು ಹೇಳಬಲ್ಲ. ಇಂಥವರದ್ದೇ ಒಂದು ಬಳಗ ಎಲ್ಲ ಊರುಗಳಲ್ಲೂ ಇದೆಯಂತೆ. ರೈಲು ಬರುವ ಹೊತ್ತು ತಿಳಿದುಕೊಂಡು, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ಲೆಕ್ಕ ಹಾಕಿ, ಒಂದು ತಿರುವಿನಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ. ರೈಲು ದಾಟಿದ ಕೂಡಲೇ ಗಾಡಿ ಹತ್ತಿ ಅದಕ್ಕಿಂತ ಮುಂದೆ ಹೋಗಿ ಇನ್ನೊಂದು ತಿರುವಿನಲ್ಲಿ ಕಾಯುತ್ತಾರೆ. ಇದಕ್ಕೆ ಅವರು ಚೇಸ್ ಮಾಡುವುದು ಅನ್ನುತ್ತಾರೆ.

ಅವರ ಪಾಲಿಗೆ ಕರ್ನಾಟಕದ ದೊಡ್ಡ ತಾಣವೆಂದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ. ಹೋದ ವರ್ಷ ಧಮ್ಮಚಕ್ರ ಪ್ರವರ್ತನ ದಿನ ಕಳೆದ ಮೇಲಿನ ಒಂದು ಶನಿವಾರ, ಭಾನುವಾರ ಅವನು, ಅವನ ಇಬ್ಬರು ಗೆಳೆಯರು ಹೊರಟರು. ‘ಚಿಕ್ಕಮ್ಮ, ನೀನೂ ಬಾ, ಒಂದ್ಸಲ ನೋಡು’ ಅಂದ. ಹಳಿಯ ಮೇಲೆ ಇಳಿಯುವುದಿಲ್ಲ, ಸುರಂಗದ ಹತ್ತಿರ ಹೋಗುವುದಿಲ್ಲ ಎಂದು ಮೂವರಿಂದಲೂ ಮಾತು ತೆಗೆದುಕೊಂಡು ಹೋದೆ. ಅನುಮತಿ ಇಲ್ಲದೆ ಹಳಿಯ ಮೇಲೆ ನಡೆಯುವುದು ಕಾನೂನಿನಲ್ಲಿ ಅಪರಾಧ. ಒಂದು ಫೋಟೋಗಾಗಿ ಪ್ರಾಣ ಕಳೆದುಕೊಳ್ಳುವ ಹುಡುಗರ ಸುದ್ದಿಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ.

ಆ ದಾರಿಯ ಬಗ್ಗೆ ಎರಡು ಮಾತು. ಸುಮಾರು 55 ಕಿಲೋಮೀಟರ್ ಉದ್ದ. ಅಷ್ಟರಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂಬ ಪುಟ್ಟ ನಿಲ್ದಾಣಗಳು ಕಾಡಿನ ನಡುವೆ ಕುಳಿತಿವೆ. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರುವಷ್ಟು ಕಡಿದಾದ ಏರು. ನಮಗೆ ಇದು ಏನೂ ಅಲ್ಲ ಅನ್ನಿಸಬಹುದು, ಸಾವಿರಾರು ಟನ್ ತೂಕದ ರೈಲಿಗೆ ಇದು ದುರ್ಗದ ಬೆಟ್ಟ ಹತ್ತಿದ ಹಾಗೆ. ಅದಕ್ಕೇ ಘಾಟಿ ಹತ್ತುವ ಭಾರದ ಗಾಡಿಗೆ ಹಿಂದಿನಿಂದ ತಳ್ಳಲು ಬೇರೆ ಇಂಜಿನ್ ಕಟ್ಟುತ್ತಾರೆ. ಅದನ್ನು ಬ್ಯಾಂಕರ್ ಅನ್ನುತ್ತಾರೆ. 1979ರಲ್ಲಿ ಮೀಟರ್ ಗೇಜ್ ದಾರಿಯಾಗಿ ತೆರೆದದ್ದು. ಬ್ರಾಡ್ ಗೇಜ್ ಮಾಡಲೆಂದು 1990ರ ದಶಕದಲ್ಲಿ ನಿಂತುಹೋಗಿ, 2006ರಲ್ಲಿ ಗೂಡ್ಸ್ ಗಾಡಿ, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಓಡತೊಡಗಿದವು. 2021ರಿಂದ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ.

ಶನಿವಾರ ನಾವು ದೋಣಿಗಲ್ ಸುತ್ತಮುತ್ತ ಹೆದ್ದಾರಿಯ ಬದಿಯಲ್ಲಿ ನಿಂತೆವು. ಮೊದಲು ಏನೂ ಇರುವುದಿಲ್ಲ. ಮಂಜು, ಜೀರುಂಡೆಯ ಸದ್ದು, ಎಲೆಯಿಂದ ತೊಟ್ಟಿಕ್ಕುವ ನೀರು. ಆಮೇಲೆ ಕಣಿವೆಯ ಕೆಳಗಿನಿಂದ ಒಂದು ಗುಡುಗುಡು. ಅದು ಹತ್ತಿರ ಬರುತ್ತದೆ, ಸುರಂಗ ಹೊಕ್ಕಾಗ ನಿಂತೇಹೋಗುತ್ತದೆ, ಮತ್ತೆ ಬರುತ್ತದೆ. ಹೀಗೆ ಕಾಲು ಗಂಟೆ ಸದ್ದೇ ಕಾಣದ ರೈಲನ್ನು ತೋರಿಸುತ್ತದೆ. ಕೊನೆಗೆ ಹಸಿರಿನ ನಡುವಿನಿಂದ ಇಂಜಿನ್ ತಲೆ ಹಾಕಿದಾಗ, ನಲವತ್ತು ದಾಟಿದ ನನಗೂ ಎದೆ ಡವಡವ ಅಂದಿತು. ಹುಡುಗರು ಉಸಿರು ಬಿಗಿಹಿಡಿದಿದ್ದರು. ಆ ಕ್ಷಣದಲ್ಲಿ ‘ನಾನು’ ಅನ್ನುವುದೇ ಇರಲಿಲ್ಲ, ಬರುವ ಗಾಡಿ ಮಾತ್ರ ಇತ್ತು. ಧ್ಯಾನ ಮಾಡುವ ಬಂಧುಗಳಿಗೆ ಇದು ಅರ್ಥವಾದೀತು. ಇದನ್ನು ತೃಷ್ಣೆ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಇದು ಪ್ರೀತಿ, ಪಾಲಿಯಲ್ಲಿ ಪೀತಿ ಅನ್ನುವ ಉಲ್ಲಾಸ.

ತೃಷ್ಣೆ ಬಂದದ್ದು ಗಾಡಿ ದಾಟಿದ ಮೇಲೆ. ಮೂವರೂ ಕ್ಯಾಮೆರಾದ ಹಿಂಭಾಗ ನೋಡತೊಡಗಿದರು. ಒಬ್ಬನದು ಚೆನ್ನಾಗಿ ಬಂದಿತ್ತು. ಇನ್ನೊಬ್ಬನದಕ್ಕೆ ಸರಿಯಾಗಿ ಆ ಹೊತ್ತಿಗೇ ಮಂಜು ಅಡ್ಡ ಬಂದಿತ್ತು. ಅವನ ಮುಖ ಬಾಡಿತು, ಮಧ್ಯಾಹ್ನದ ಊಟ ಕೂಡ ಅವನಿಗೆ ಸೇರಲಿಲ್ಲ. ಇಬ್ಬರೂ ಅದೇ ರೈಲು ನೋಡಿದ್ದರು, ಅದೇ ಸಂತೋಷ ಪಟ್ಟಿದ್ದರು. ಒಬ್ಬನಿಗೆ ಅದು ಕೈಗೆ ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ. ದುಃಖ ಹುಟ್ಟಿದ್ದು ನೋಟದಿಂದಲ್ಲ, ನೋಡಿದ್ದು ನನ್ನದಾಗಬೇಕು ಅನ್ನುವುದರಿಂದ. ಸಿಕ್ಕವನಿಗಾದರೂ ನೆಮ್ಮದಿ ಇತ್ತೇ? ಇಲ್ಲ. ‘ಇನ್ನೊಂದು ಬರುತ್ತೆ, ಬೇಗ ನಡೀರಿ’ ಅಂದ. ಪ್ರಶ್ನೆಯ ಅರ್ಧಕ್ಕೆ ಅಲ್ಲೇ ಉತ್ತರ ಸಿಕ್ಕಿತು.

ಉಳಿದ ಅರ್ಧಕ್ಕೆ ನಾಗಸೇನ ಥೇರರ ಹತ್ತಿರ ಹೋಗಬೇಕು. ಮಿಲಿಂದ ಪನ್ಹದಲ್ಲಿ ರಾಜ ಮಿಲಿಂದ ತಾನು ರಥದಲ್ಲಿ ಬಂದೆ ಅನ್ನುತ್ತಾನೆ. ನಾಗಸೇನರು ಕೇಳುತ್ತಾರೆ: ರಥ ಅಂದರೆ ಯಾವುದು? ಅಚ್ಚೇ? ಗಾಲಿಯೇ? ನೊಗವೇ? ಒಂದೊಂದಕ್ಕೂ ರಾಜ ಅಲ್ಲ ಅನ್ನುತ್ತಾನೆ. ಇವೆಲ್ಲ ಕೂಡಿದಾಗ ರಥ ಎಂಬ ಹೆಸರು ಬರುತ್ತದೆ, ಬೇರೆ ರಥವೆಂಬುದು ಇಲ್ಲ. ಆತ್ಮವಿಲ್ಲ ಎಂದು ತೋರಿಸಲು ಹೇಳಿದ ಮಾತು ಇದು. ನಾವು ಇದನ್ನು ರೈಲಿಗೂ ಕೇಳಬಹುದು. ರೈಲು ಅಂದರೆ ಯಾವುದು? ಇಂಜಿನ್ನೇ? ಬೋಗಿಯೇ? ಹಳಿ ಇಲ್ಲದೆ ರೈಲಿಲ್ಲ. ಹಳಿಯನ್ನು ಹಿಡಿದಿಟ್ಟ ಸ್ಲೀಪರ್ ಇಲ್ಲದೆ, ಅದರ ಕ್ಲಿಪ್ ಇಲ್ಲದೆ, ಕೆಳಗಿನ ಜಲ್ಲಿ ಇಲ್ಲದೆ ಹಳಿಯಿಲ್ಲ. ಆ ಕ್ಲಿಪ್ ಸಡಿಲವಾಗಿದೆಯೇ ಎಂದು ದಿನವೂ ನಡೆದು ನೋಡುವ ಮನುಷ್ಯ ಇಲ್ಲದೆ ಯಾವುದೂ ಇಲ್ಲ. ಪ್ರತೀತ್ಯ ಸಮುತ್ಪಾದ ಎಂದು ನಾವು ಗಟ್ಟಿಯಾಗಿ ಓದುತ್ತೇವಲ್ಲ, ಅದು ಇಷ್ಟು ಸರಳ. ಯಾವುದೂ ಒಂಟಿಯಾಗಿ ನಿಂತಿಲ್ಲ. ಎದುರಿಗಿರುವ ವಸ್ತುವಿನಲ್ಲಿ ಅದಕ್ಕೆ ಕಾರಣರಾದವರನ್ನೂ ಕಾಣುವುದು ಸಮ್ಯಕ್ ದೃಷ್ಟಿ. ವಸ್ತುವನ್ನಷ್ಟೇ ಕಂಡು ಅವರನ್ನು ಕಾಣದಿದ್ದರೆ ಆ ನೋಟ ಅರೆಬರೆ.

ಆ ಮನುಷ್ಯ ನಮಗೆ ಅದೇ ಮಧ್ಯಾಹ್ನ ಸಿಕ್ಕಿದರು. ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಒಬ್ಬರು ಕುಳಿತಿದ್ದರು. ಪಕ್ಕದಲ್ಲಿ ಸುತ್ತಿಗೆ, ದೊಡ್ಡ ಸ್ಪ್ಯಾನರ್, ಸುತ್ತಿಟ್ಟ ಕೆಂಪು ಹಸಿರು ಬಾವುಟ. ಅವರು ಕೀಮನ್. ತಮ್ಮ ಪಾಲಿನ ಹಳಿಗುಂಟ ದಿನವೂ ನಡೆದು ಸಡಿಲವಾದದ್ದನ್ನು ಬಿಗಿ ಮಾಡುವುದು ಅವರ ಕೆಲಸ. ಮಳೆಗಾಲದಲ್ಲಿ ರಾತ್ರಿಯೂ ಗಸ್ತು ಇರುತ್ತದೆ. ಮುಂದೆ ಹಳಿ ಕೆಟ್ಟಿದ್ದರೆ ಡ್ರೈವರಿಗೆ ತಿಳಿಸಲು ಹಳಿಯ ಮೇಲೆ ಇಡುವ ಪಟಾಕಿಯಂಥ ಡಿಟೋನೇಟರ್ ಜೊತೆಯಲ್ಲಿರುತ್ತದೆ. ಗಾಡಿ ಅದರ ಮೇಲೆ ಹತ್ತಿದಾಗ ಢಮ್ ಅನ್ನುತ್ತದೆ, ಡ್ರೈವರ್ ನಿಲ್ಲಿಸುತ್ತಾನೆ.

ಮಾತಾಡಿಸಿದೆ. ಕಲ್ಯಾಣ ಕರ್ನಾಟಕದ ಕಡೆಯವರು. ‘ಬಿ.ಎ. ಮಾಡೀನ್ರಿ ಟೀಚರ್’ ಅಂದರು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿಗೂ ಎಡಕುಮೇರಿಗೂ ನಡುವೆ ಹಳಿಯ ಕೆಳಗಿನ ಮಣ್ಣು ಜರಿದು ಹಲವು ದಿನ ಗಾಡಿ ನಿಂತದ್ದು ನಿಮಗೆ ನೆನಪಿರಬಹುದು. ಸುರಿಯುವ ಮಳೆಯಲ್ಲಿ ನೂರಾರು ಜನ ಕಲ್ಲು, ಮರಳಿನ ಚೀಲ ಜೋಡಿಸಿ ಆ ಗುಡ್ಡ ನಿಲ್ಲಿಸಿದರು. ಆ ಮಾತು ಬಂದಾಗ ಅವರು ಹುಡುಗರ ಕ್ಯಾಮೆರಾ ನೋಡಿ ನಕ್ಕು ಅಂದರು: ‘ನೀವು ಗಾಡಿ ಬರೂದನ್ನ ಕಾಯ್ತೀರಿ. ನಾವು ಅದು ಸುಮ್ಮ ದಾಟಿ ಹೋಗೂದನ್ನ ಕಾಯ್ತೀವಿ.’

ಅಕ್ಕನ ಮಗ ‘ಅಣ್ಣಾ, ನಿಮ್ಮದೊಂದು ಫೋಟೋ ತೆಗೀಲಾ?’ ಅಂತ ಕೇಳಿದ. ಅವರು ಬೇಡ ಅಂದರು. ಕಾರಣ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಊರಾಗ ನಮ್ಮವ್ವ ನಾ ಆಫೀಸ್ನಾಗ ಅದೀನಿ ಅಂತ ತಿಳ್ಕೊಂಡಾಳ್ರಿ’ ಅಂದರು. ಟೀ ಮುಗಿಸಿ, ನಮ್ಮ ಲೋಟದ ದುಡ್ಡನ್ನೂ ಕೊಡಲು ಹೋದರು. ನಾವು ಬಿಡಲಿಲ್ಲ.

ಈ ಮಾತಿನ ಮೇಲೆ ನಾನು ಬಹಳ ಯೋಚಿಸಿದ್ದೇನೆ. ರೈಲಿನ ಫೋಟೋದಲ್ಲಿ ಕೀಮನ್ ಇಲ್ಲ, ಅವನನ್ನೂ ಸೇರಿಸಿದರೆ ನೋಟ ಸರಿಹೋಯಿತು ಎಂದು ನಾವು ಸುಲಭವಾಗಿ ಹೇಳಿಬಿಡಬಹುದು. ಅಲ್ಲ. ಅವನ ಬೆವರು, ಸುತ್ತಿಗೆ, ಮಾಸಿದ ಅಂಗಿ ಕೂಡ ಇನ್ನೊಂದು ‘ಚೆಂದದ’ ಚಿತ್ರವಾಗಿ ನಮ್ಮ ಕ್ಯಾಮೆರಾ ಸೇರಬಹುದು. ಅದೂ ಕೈಗೆ ಸಿಗಬೇಕು ಅನ್ನುವ ಅದೇ ಹಸಿವು, ಮೇಲೆ ಕರುಣೆಯ ಹೊದಿಕೆ. ಅವರು ಬೇಡ ಅಂದಾಗ ಹುಡುಗ ಕ್ಯಾಮೆರಾ ಚೀಲಕ್ಕೆ ಹಾಕಿ ಅವರ ಪಕ್ಕದಲ್ಲಿ ಕುಳಿತ. ಆ ಎರಡು ದಿನದಲ್ಲಿ ಅವನು ಅತ್ಯಂತ ಚೆನ್ನಾಗಿ ‘ನೋಡಿದ್ದು’ ಆ ಕಾಲು ಗಂಟೆ.

ಸುನೀತನ ಕಥೆ ನಮಗೆಲ್ಲ ಗೊತ್ತು. ಬಾಬಾಸಾಹೇಬರು ‘ಬುದ್ಧ ಮತ್ತು ಅವರ ಧಮ್ಮ’ದಲ್ಲಿ ಅದನ್ನು ಎತ್ತಿ ಹೇಳಿದ್ದಾರೆ. ರಾಜಗೃಹದ ಬೀದಿ ಗುಡಿಸುವ ಸುನೀತ, ಬುದ್ಧರು ಭಿಕ್ಷುಗಳೊಡನೆ ಬರುವುದನ್ನು ಕಂಡು ಗೋಡೆಗೆ ಒತ್ತಿಕೊಂಡು ಕೈ ಮುಗಿದು ನಿಲ್ಲುತ್ತಾನೆ. ಆ ಬೀದಿಯಲ್ಲಿ ಅವನನ್ನು ದಿನವೂ ನೂರಾರು ಜನ ಕಂಡಿದ್ದರು. ಬುದ್ಧರು ಮೂರು ಕೆಲಸ ಮಾಡಿದರು. ನಿಂತರು. ಅವನನ್ನು ಮಾತಾಡಿಸಿದರು. ಸಂಘದ ಬಾಗಿಲು ತೆರೆದರು. ಮೂರನೆಯದನ್ನು ಗಮನಿಸಿ. ‘ಎಷ್ಟು ಚೆನ್ನಾಗಿ ಗುಡಿಸುತ್ತೀಯಪ್ಪ, ನಿನ್ನ ಸೇವೆ ದೊಡ್ಡದು’ ಎಂದು ಹೊಗಳಿ ಅವನನ್ನು ಅಲ್ಲೇ ಬಿಟ್ಟು ಹೋಗಲಿಲ್ಲ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಅಕ್ಕನ ಮಗ ಆರ್‌ಆರ್‌ಬಿ ಗ್ರೂಪ್ ಡಿ ಪರೀಕ್ಷೆ ಬರೆದು ಪಾಸಾಗಿದ್ದಾನೆ. ಇನ್ನು ದೈಹಿಕ ಪರೀಕ್ಷೆ ಇದೆ. 35 ಕೆ.ಜಿ. ಹೊತ್ತು ಎರಡು ನಿಮಿಷದೊಳಗೆ 100 ಮೀಟರ್ ನಡೆಯಬೇಕು, 1000 ಮೀಟರನ್ನು 4 ನಿಮಿಷ 15 ಸೆಕೆಂಡಿನಲ್ಲಿ ಓಡಬೇಕು. ದಿನಾ ಬೆಳಿಗ್ಗೆ ಬಯಲಿನಲ್ಲಿ ಮರಳಿನ ಚೀಲ ಹೊತ್ತು ನಡೆಯುತ್ತಿದ್ದಾನೆ. ಗೆದ್ದರೆ ಅವನಿಗೆ ಸಿಗುವ ಕೆಲಸ ಹೆಚ್ಚುಕಡಿಮೆ ಆ ಕೀಮನ್ ಅಣ್ಣನದೇ. ಟ್ರ್ಯಾಕ್ ಮೇಂಟೇನರ್. ಹಿಂದೆ ಗ್ಯಾಂಗ್‌ಮನ್ ಅನ್ನುತ್ತಿದ್ದರು.

ಅಕ್ಕನಿಗೆ ಇದು ಸುತರಾಂ ಇಷ್ಟವಿಲ್ಲ. ‘ಬಿ.ಎಸ್ಸಿ. ಓದ್ಸಿದ್ದು ಹಳಿಗುಂಟ ಸುತ್ತಿಗೆ ಹಿಡ್ಕೊಂಡು ತಿರುಗಾಕಾ?’ ಅನ್ನುತ್ತಾಳೆ. ಅವ್ವ ಅದಕ್ಕಿಂತ ಗಟ್ಟಿ. 1990ರ ದಶಕದಲ್ಲಿ ನಮ್ಮ ಕಡೆಯ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕುವಾಗ, ನಮ್ಮಪ್ಪ, ಅವ್ವ ಇಬ್ಬರೂ ಗುತ್ತಿಗೆದಾರನೊಬ್ಬನ ಕೈಕೆಳಗೆ ದಿನಗೂಲಿಗೆ ಹೋದವರು. ಅಪ್ಪ ಹಳಿ ಹೊತ್ತರು, ಅವ್ವ ಮಂಕರಿಯಲ್ಲಿ ಜಲ್ಲಿ ಹೊತ್ತಳು. ‘ನಿಮ್ಮ ತಾತನ ಹೆಗಲು ನೋಡಿದ್ದೀ ಏನ್ಲಾ? ಆ ಹೆಗಲು ಸವೆದದ್ದು ನೀನು ಕುರ್ಚಿ ಮ್ಯಾಲೆ ಕೂರ್ಲಿ ಅಂತ’ ಎಂದು ಅವನನ್ನು ಗದರುತ್ತಾಳೆ.

ಬಂಧುಗಳೇ, ಇದಕ್ಕೆ ‘ಯಾವ ಕೆಲಸವೂ ಕೀಳಲ್ಲಮ್ಮ’ ಎಂದು ಉತ್ತರ ಕೊಟ್ಟು ಮುಗಿಸಲು ನನಗೆ ಸಾಧ್ಯವಿಲ್ಲ. ಆ ಮಾತನ್ನು ಹೆಚ್ಚಾಗಿ ಹೇಳುವವರು ಆ ಕೆಲಸ ಮಾಡದವರು. ಮಲ ಹೊರುವ ಕೆಲಸವನ್ನು ಪವಿತ್ರ ಸೇವೆ ಎಂದು ಹೊಗಳಿದ ಮಾತುಗಳನ್ನು ಬಾಬಾಸಾಹೇಬರು ಎಷ್ಟು ಕಟುವಾಗಿ ಟೀಕಿಸಿದರು ಎಂದು ನಮಗೆ ಗೊತ್ತು. ಹೊಗಳಿಕೆಯ ಹಾರ ಹಾಕಿ ಮನುಷ್ಯನನ್ನು ಅವನ ಹುಟ್ಟಿನ ಕೆಲಸಕ್ಕೇ ಕಟ್ಟಿಹಾಕುವುದು ಹಳೆಯ ಉಪಾಯ. ಅವ್ವನ ಸಿಟ್ಟಿನಲ್ಲಿ ಆ ತಿಳಿವಳಿಕೆ ಇದೆ. ಅದನ್ನು ಅಜ್ಞಾನ ಅನ್ನಬಾರದು.

ಹಾಗಾದರೆ ಏನು ಹೇಳಬೇಕು? ಇಲ್ಲಿ ನನಗೆ ನೆರವಾದದ್ದು ಬಾಬಾಸಾಹೇಬರ ಒಂದು ಭಾಷಣ. 1938ರ ಫೆಬ್ರುವರಿಯಲ್ಲಿ ಮನ್ಮಾಡ್‌ನಲ್ಲಿ ಜಿ.ಐ.ಪಿ. ರೈಲ್ವೆಯ ಶೋಷಿತ ವರ್ಗದ ಕಾರ್ಮಿಕರ ಸಮ್ಮೇಳನ ನಡೆಯಿತು. 1863ರಲ್ಲಿ ಸಹ್ಯಾದ್ರಿಯ ಭೋರ್ ಘಾಟ್ ಕಡಿದು ಬೆಟ್ಟದ ಮೇಲೆ ರೈಲು ಹತ್ತಿಸಿದ ಕಂಪನಿ ಅದು. ದುಡಿಯುವವರಿಗೆ ಇಬ್ಬರು ಶತ್ರುಗಳು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎಂದು ಬಾಬಾಸಾಹೇಬರು ಹೇಳಿದ್ದು ಅಲ್ಲಿಯೇ. ಆ ಮಾತನ್ನು ನಾವೆಲ್ಲ ನೆನಪಿಟ್ಟುಕೊಂಡಿದ್ದೇವೆ. ಅದೇ ಭಾಷಣದಲ್ಲಿ ಅವರು ಗ್ಯಾಂಗ್‌ಮನ್‌ಗಳ ಬಗ್ಗೆ ಹೇಳಿದ್ದನ್ನು ಮರೆತಿದ್ದೇವೆ. ರೈಲ್ವೆಯಲ್ಲಿ ನಮ್ಮ ಜನ ಗ್ಯಾಂಗ್‌ಮನ್ ಆಗಿ ಸೇರುತ್ತಾರೆ, ಗ್ಯಾಂಗ್‌ಮನ್ ಆಗಿಯೇ ಮುಗಿಯುತ್ತಾರೆ, ಮೇಲಿನ ದರ್ಜೆ ಅವರಿಗೆ ತೆರೆದಿಲ್ಲ ಎಂದರು. ಪೋರ್ಟರ್ ಕೆಲಸ ಕೂಡ ಸಿಗುವುದು ಅಪರೂಪ, ಯಾಕೆಂದರೆ ಪೋರ್ಟರ್ ಸ್ಟೇಷನ್ ಮಾಸ್ಟರರ ಮನೆಗೆಲಸವನ್ನೂ ಮಾಡಬೇಕು, ಅಸ್ಪೃಶ್ಯನನ್ನು ಆ ಮನೆಯೊಳಗೆ ಬಿಡುವುದಿಲ್ಲ ಎಂದು ಕಾರಣವನ್ನೂ ಬಿಡಿಸಿ ಹೇಳಿದರು.

ಅವರು ಏನು ನೋಡಿದರು ಎಂದು ಗಮನಿಸಿ. ಸುತ್ತಿಗೆ ಹಿಡಿಯುವುದು ಅವಮಾನ ಎಂದು ಹೇಳಲಿಲ್ಲ. ಸುತ್ತಿಗೆ ಹಿಡಿಯುವುದು ಪವಿತ್ರ ಎಂದೂ ಹೇಳಲಿಲ್ಲ. ಮೆಟ್ಟಿಲು ಎಲ್ಲಿ ಎಂದು ಕೇಳಿದರು. ಲಕ್ಷಾಂತರ ಜನ ಆ ರೈಲುಗಳನ್ನು ನೋಡಿದ್ದರು. ಅದರ ಅಡಿಯಲ್ಲಿ ಮುಚ್ಚಿದ ಬಾಗಿಲೊಂದು ಇರುವುದನ್ನು ಕಂಡವರು ಅವರು. ಸುನೀತನ ಎದುರು ಬುದ್ಧರು ನಿಂತ ಬಗೆಯೂ, ಮನ್ಮಾಡಿನಲ್ಲಿ ಬಾಬಾಸಾಹೇಬರು ಮಾತಾಡಿದ ಬಗೆಯೂ ನನಗೆ ಒಂದೇ ಆಗಿ ಕಾಣುತ್ತದೆ.

ಈ ನೋಟದಿಂದ ನೋಡಿದರೆ ಒಂದು ಕೆಲಸವನ್ನು ಅಳೆಯಲು ಮೂರು ಪ್ರಶ್ನೆ ಸಾಕು. ಈ ಕೆಲಸ ಜೀವವನ್ನು ಕಾಯುತ್ತದೆಯೇ, ಕೆಡಿಸುತ್ತದೆಯೇ? ನಾನು ಇಲ್ಲಿಗೆ ಹುಟ್ಟಿನಿಂದ ತಳ್ಳಲ್ಪಟ್ಟು ಬಂದೆನೇ, ನನ್ನ ಇಚ್ಛೆಯಿಂದ ಗೆದ್ದು ಬಂದೆನೇ? ಇಲ್ಲಿಂದ ಮೇಲಕ್ಕೆ ಮೆಟ್ಟಿಲಿದೆಯೇ?

ಮೊದಲನೆಯದಕ್ಕೆ ಉತ್ತರ ಸ್ಪಷ್ಟ. ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ, ಈ ಐದರ ವ್ಯಾಪಾರ ಉಪಾಸಕರಿಗೆ ಸಲ್ಲದು ಎಂದು ಬುದ್ಧರು ಹೇಳಿದ್ದಾರೆ. ಹಳಿ ಕಾಯುವವನು ರಾತ್ರಿ ಮಲಗಿ ಹೋಗುವ ಸಾವಿರ ಜನರ ಪ್ರಾಣ ಕಾಯುತ್ತಾನೆ. ಸಮ್ಯಕ್ ಆಜೀವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ. ಎರಡನೆಯದರಲ್ಲಿ ತಾತನಿಗೂ ಮೊಮ್ಮಗನಿಗೂ ಅಜಗಜಾಂತರ. ಸುತ್ತಿಗೆ ಒಂದೇ ಇರಬಹುದು. ತಾತ ಬೇರೆ ದಾರಿಯಿಲ್ಲದೆ ಹೋದರು, ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ, ಕೆಲಸ ಮುಗಿದ ದಿನ ಕೂಲಿಯೂ ಮುಗಿಯಿತು. ಮೊಮ್ಮಗ ಪರೀಕ್ಷೆ ಬರೆದು, ಎಲ್ಲ ಜಾತಿಯ ಲಕ್ಷಾಂತರ ಹುಡುಗರ ನಡುವೆ ನಿಂತು ಹೋಗುತ್ತಿದ್ದಾನೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿರುತ್ತದೆ. ಸಂಬಳದ ಚೀಟಿ, ರಜೆ, ಕೇಳಲು ಒಂದು ಸಂಘ ಇರುತ್ತದೆ. ಮೂರನೆಯದು: ಟ್ರ್ಯಾಕ್ ಮೇಂಟೇನರ್‌ಗೆ ಗ್ರೇಡ್ 4ರಿಂದ 1ರವರೆಗೆ ಮೆಟ್ಟಿಲುಗಳಿವೆ, ಇಲಾಖೆಯ ಪರೀಕ್ಷೆ ಬರೆದು ಬೇರೆ ವಿಭಾಗಕ್ಕೆ ಹೋಗುವ ದಾರಿಯೂ ಇದೆ. ಆ ಮೆಟ್ಟಿಲನ್ನು ಯಾರೂ ದಾನವಾಗಿ ಕೊಟ್ಟದ್ದಲ್ಲ. ಮನ್ಮಾಡಿನಂಥ ನೂರು ಸಭೆಗಳಲ್ಲಿ ಕೇಳಿ ಪಡೆದದ್ದು. ಹತ್ತದೆ ಬಿಟ್ಟರೆ ಅದು ಇದ್ದೂ ಇಲ್ಲದ ಹಾಗೆ.

ಹಾಗೆಂದು ಇದು ಹೂವಿನ ಹಾಸಿಗೆ ಎಂದು ನಾನು ಹೇಳುವುದಿಲ್ಲ. ಹಳಿಯ ಮೇಲೆ ಕೆಲಸ ಮಾಡುವಾಗ ರೈಲಿಗೆ ಸಿಕ್ಕಿ ಸಾಯುವ ಕಾರ್ಮಿಕರಿದ್ದಾರೆ. ಮಳೆ, ಹಾವು, ಆನೆ, ಕತ್ತಲು ಎಲ್ಲವೂ ನಿಜ. ಆದ್ದರಿಂದ ‘ಹೋಗು’ ಎಂದಾಗಲಿ ‘ಬೇಡ’ ಎಂದಾಗಲಿ ನಾನು ಅವನಿಗೆ ಹೇಳಿಲ್ಲ. ಅಕ್ಕನಿಗೆ ಮಾತ್ರ ಒಂದು ಮಾತು ಹೇಳಿದೆ: ಅವನು ಹೋದರೆ, ಊರಿನಲ್ಲಿ ಯಾರಾದರೂ ಕೇಳಿದಾಗ ‘ರೈಲ್ವೆ ಆಫೀಸಿನಲ್ಲಿದ್ದಾನೆ’ ಎಂದು ಹೇಳಬೇಡ. ‘ಹಳಿ ಕಾಯ್ತಾನೆ, ಮುಂದಿನ ಪರೀಕ್ಷೆಗೆ ಓದ್ತಿದ್ದಾನೆ’ ಅನ್ನು. ಆ ಕೀಮನ್ ಅಣ್ಣನ ಹಾಗೆ ಇವನೂ ಒಂದು ಟೀ ಅಂಗಡಿಯಲ್ಲಿ ಮುಖ ತಗ್ಗಿಸುವಂತೆ ಆಗಬಾರದು. ಮುಖ ತಗ್ಗಿಸಬೇಕಾದವರು ಮೆಟ್ಟಿಲು ಮುಚ್ಚಿದವರು. ಅಕ್ಕ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವನ ಮರಳಿನ ಚೀಲದ ಹರಿದ ಬಾಯಿಗೆ ಹೊಲಿಗೆ ಹಾಕುತ್ತಿದ್ದಳು.

ಹೆಸರಿನ ಮಾತು ಬಂದದ್ದಕ್ಕೆ ನಮ್ಮ ಜಿಲ್ಲೆಯ ಒಂದು ಬಂಡೆಯನ್ನು ನೆನೆಯೋಣ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಲೋಕಕ್ಕೆ ತಿಳಿಸಿದರು. ಧಮ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಪಡೆಯಬಹುದು ಎಂಬುದು ಅದರ ಸಾರ. ಕೊನೆಯಲ್ಲಿ ಒಂದು ಸಣ್ಣ ಸಂಗತಿ ಇದೆ. ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಕಲ್ಲಿನಲ್ಲಿ ಹಾಕಿದ್ದಾನೆ. ಚಕ್ರವರ್ತಿಯ ಮಾತಿನ ಕೆಳಗೆ ಕೆಲಸಗಾರನ ಹೆಸರು. ಎರಡು ಸಾವಿರದ ಇನ್ನೂರು ವರ್ಷ ದಾಟಿದರೂ ಅಳಿಸಿಲ್ಲ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾನು ಮೊದಲು ಹೇಳುವ ಹೆಸರು ಚಪಡ, ಆಮೇಲೆ ಅಶೋಕ.

ಕೂಟದಲ್ಲಿ ಬಂದ ಪ್ರಶ್ನೆಗೆ ಇಷ್ಟು ಹೇಳಬಹುದು. ಚೆಂದದ್ದನ್ನು ನೋಡುವ ಆಸೆ ತಪ್ಪಲ್ಲ, ಬೆಟ್ಟ ನೋಡಿ, ರೈಲು ನೋಡಿ. ಆದರೆ ‘ತೊಂದರೆ ಇಲ್ಲವಲ್ಲ, ನೋಡಲಿ ಬಿಡಿ’ ಅನ್ನುವಲ್ಲಿಗೆ ನಿಲ್ಲಬೇಡಿ. ನೋಡಿದ್ದು ನನ್ನದಾಗಬೇಕು ಅನ್ನುವುದನ್ನು ಬಿಡಿ. ಅದನ್ನು ಹೊತ್ತು ನಿಂತವರು ಯಾರು ಎಂದು ಕೇಳಿ. ಅವರ ಹತ್ತಿರ ನಿಲ್ಲಿ, ಅವರು ಬಯಸಿದರೆ ಮಾತಾಡಿ. ಅವರಿಗೆ ಮೆಟ್ಟಿಲು ಇದೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ಅದಕ್ಕಾಗಿ ದನಿ ಎತ್ತಿ. ಕಣ್ಣಿನಿಂದ ಶುರುವಾದದ್ದು ಇಲ್ಲಿಯವರೆಗೆ ಬಂದರೆ ಪ್ರಜ್ಞೆ, ಶೀಲ, ಕರುಣೆ ಮೂರೂ ಒಂದೇ ನೋಟದಲ್ಲಿ ಕೂಡುತ್ತವೆ.

ಇಂದಿನ ಅಭ್ಯಾಸ: ಇವತ್ತು ನೀವು ಬಳಸುವ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಬಸ್ಸು, ನಲ್ಲಿಯ ನೀರು, ರಸ್ತೆ, ಕರೆಂಟು, ಯಾವುದಾದರೂ ಸರಿ. ಅದು ನಿಮ್ಮ ತನಕ ಬರಲು ಯಾರು ಯಾರು ದುಡಿದಿದ್ದಾರೆ ಎಂದು ಐದು ನಿಮಿಷ ಕುಳಿತು ಒಬ್ಬೊಬ್ಬರನ್ನೇ ನೆನೆಯಿರಿ. ಅವರಲ್ಲಿ ಒಬ್ಬರ ಹೆಸರನ್ನಾದರೂ ಸಂಜೆಯೊಳಗೆ ಕೇಳಿ ತಿಳಿದುಕೊಳ್ಳಿ.

ಭಾನುವಾರದ ಕೂಟಕ್ಕೆ ಪ್ರಶ್ನೆ: ನಮ್ಮ ತುಮಕೂರು–ದಾವಣಗೆರೆ ಹೊಸ ಮಾರ್ಗ ಹಿರಿಯೂರು, ಚಿತ್ರದುರ್ಗದ ಮೇಲೆ ಬರುತ್ತಿದೆ. ಅದರಲ್ಲಿ ನಮ್ಮ ಮಕ್ಕಳು ಯಾವ ಯಾವ ಕೆಲಸದಲ್ಲಿ ಇರಬೇಕು ಎಂದು ನಾವು ಬಯಸುತ್ತೇವೆ? ಅದಕ್ಕೆ ಈಗಿನಿಂದ ಏನು ಮಾಡಬೇಕು? ಯೋಚಿಸಿ ಬನ್ನಿ.

ಎಲ್ಲ ಜೀವಿಗಳೂ ಸುಖವಾಗಿರಲಿ. ದಾರಿ ಕಾಯುವವರು ಕ್ಷೇಮವಾಗಿ ಮನೆ ಸೇರಲಿ.

ನಮೋ ಬುದ್ಧಾಯ. ಜೈ ಭೀಮ್.